ಬೇಲಿ ಪಕ್ಕದ ಬಿಸಿ ಬೋರು

ಇದು ಯಾರೋ ಹೇಳಿದ ಕತೆಯಲ್ಲ. ಟೋರ್ಡ್ ನನ್ನ ಸೋದರತ್ತೆ ಮಗ. ಅವನ ಬಾಯಿಂದಲೇ ಕೇಳಿದ್ದು.

ಉತ್ತರ ಸ್ವೀಡನ್ನಿನ ಜನವರಿ. ಮಧ್ಯಾಹ್ನ ಮುಗಿಯುವಷ್ಟರಲ್ಲೇ ಗವ್ವೆನ್ನುವ ಕತ್ತಲು. ಮರದ ಮಿಲ್ಲಿನ ಕೆಲಸ ಮುಗಿಸಿ ಟೋರ್ಡ್ ನಡೆದು ಬರುತ್ತಿದ್ದ. ಬೂಟಿನಡಿ ಹಿಮ ಕರ್... ಕರ್... ಅಕ್ಕ ಗುನ್ವೋರ್‌ಳ ಅಂಗಳದ ಬೋರಿನ ಹತ್ತಿರ ಬಂದು ನಿಂತ. ಹಿಮದ ಸದ್ದೂ ನಿಂತಿತು. ಇನ್ನೊಂದು ಸದ್ದು ನಿಲ್ಲಲಿಲ್ಲ... ನೆಲದೊಳಗಿಂದ ಬರುತ್ತಿತ್ತು. ಚಳಿಗೆ ಹಲ್ಲು ಕಟಕಟ ಕಡಿಯುತ್ತಾರಲ್ಲ, ಆ ಸದ್ದು.

ಗುನ್ವೋರ್‌ಳನ್ನು ಹಿಂದಿನ ವಾರವಷ್ಟೇ ಮಣ್ಣು ಮಾಡಿದ್ದರು.

ನಮ್ಮಲ್ಲಿ ಬೋರು ಕೊರೆಸೋದು ನೀರಿಗಲ್ಲ, ಬಿಸಿಗೆ. ಬಂಡೆಯೊಳಗೆ ಇನ್ನೂರು ಮೀಟರ್ ಆಳಕ್ಕೆ ಕೊಳವೆ ಇಳಿಸ್ತಾರೆ. ಅದರಲ್ಲಿ ಸುತ್ತುವ ದ್ರವ ಬಂಡೆಯ ಶಾಖ ಹೊತ್ತು ತರುತ್ತೆ. ಮನೆಯ ಪಂಪು ಆ ಶಾಖವನ್ನೇ ಒತ್ತಿ ಹೆಚ್ಚಿಸಿ ನೆಲಹಾಸಿನಡಿ ಹರಿಸುತ್ತೆ. ಬೇಸಿಗೆಯಲ್ಲಿ ಉಲ್ಟಾ... ಮನೆಯ ಸೆಕೆ ಬಂಡೆಗೆ ಇಳಿಯುತ್ತೆ, ಕೋಣೆ ತಣ್ಣಗಾಗುತ್ತೆ. ಆದರೆ ಎರಡು ಬೋರು ಅಕ್ಕಪಕ್ಕ ಇರಬಾರದು. ಇದ್ದರೆ ಒಂದರ ಬಿಸಿಯನ್ನು ಇನ್ನೊಂದು ಹೀರುತ್ತೆ.

ಟೋರ್ಡ್‌ಗೆ ಇದು ಗೊತ್ತಿತ್ತು. ಬೇಕಂತಲೇ ಇಬ್ಬರ ಮನೆ ನಡುವಿನ ಬೇಲಿಗೆ ಒತ್ತಿ ತನ್ನ ಬೋರು ಕೊರೆಸಿದ, ಅಕ್ಕನ ಬೋರಿಗಿಂತ ಆಳಕ್ಕೆ. ಅಪ್ಪನ ಮನೆ ಅವಳ ಪಾಲಾಯ್ತಲ್ಲ ಅನ್ನೋ ಹೊಟ್ಟೆಯುರಿ.

"ಮನೆ ಬೆಚ್ಚಗಾಗ್ತಾನೇ ಇಲ್ಲ ಕಣೋ ಟೋರ್ಡ್," ಅಂದಿದ್ದಳು ಬೇಲಿಯಾಚೆಯಿಂದ.

"ಇನ್ನೊಂದು ಸ್ವೆಟರ್ ಹಾಕ್ಕೋ. ಅಪ್ಪ ಎಲ್ಲಾ ನಿಂಗೇ ಕೊಟ್ಟು ಹೋಗಿದಾನಲ್ಲ."

"ಬಂಡೆ ನಿನ್ನೊಬ್ಬಂದೇನೋ?"

"ಬೋರು ನಂದು."

ಅವಳು ಮತ್ತೆ ಕೇಳಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಕೆಮ್ಮು ಹಿಡಿಯಿತು... ಎದೆಗಿಳಿಯಿತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

"ಯಾರು?" ಅಂತ ಆ ಸಂಜೆ ಬೋರಿನ ಪಕ್ಕ ನಿಂತ ಟೋರ್ಡ್ ಪಿಸುಗುಟ್ಟಿದ. ಕಟಕಟ ನಿಂತಿತು.

"ನಾನೇ ಕಣೋ..." ಕೊಳವೆಯೊಳಗಿಂದ ಬಂತು. "ಇಲ್ಲೂ ಏನೂ ಉಳಿಸಿಲ್ವಲ್ಲೋ ನೀನು..."

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. ಒಳಗೆ ಪಂಪು ಗುಂಯ್ ಅನ್ನುತ್ತಿತ್ತು. ಗೋಡೆಯ ಮಾಪಕ ಇಪ್ಪತ್ತೊಂದು ಡಿಗ್ರಿ ತೋರಿಸುತ್ತಿತ್ತು. ಆದರೆ ಅವನ ಬಾಯಿಂದ ಹಬೆ ಬರುತ್ತಿತ್ತು. ಮೇಜಿನ ಮೇಲೆ ಬೆಳಿಗ್ಗೆ ಉಳಿದ ಕಾಫಿ ಹೆಪ್ಪುಗಟ್ಟಿತ್ತು.

ಮರುದಿನ ಮೆಕ್ಯಾನಿಕ್ ಬಂದ. ಎಲ್ಲ ಬಿಚ್ಚಿ ನೋಡಿದ. "ಏನೂ ಕೆಟ್ಟಿಲ್ಲ," ಅಂದ, ಕೈ ಉಜ್ಜಿಕೊಳ್ಳುತ್ತಾ. ಹೋಗುವವರೆಗೂ ಕೋಟು ಬಿಚ್ಚಲಿಲ್ಲ.

ಕೊನೆಗೆ ಟೋರ್ಡ್ ತನ್ನ ಪಂಪು ನಿಲ್ಲಿಸಿದ. ಅಕ್ಕನ ಬೋರಿನ ಮುಚ್ಚಳದ ಪಕ್ಕ ಮಂಡಿಯೂರಿದ.

"ತಗೋ ಗುನ್ವೋರ್... ಎಲ್ಲಾ ನಿಂದೇ. ತಗೋ."

ಬದುಕಿದ್ದಾಗ ಕೇಳಿದ್ದಳು, ಆಗ ಕೊಡಲಿಲ್ಲ. ಈಗ ಯಾರಿಗೆ ಬೇಕು? ಸೌದೆ ಒಲೆ ಎಷ್ಟು ಉರಿಸಿದರೂ, ಇವತ್ತಿಗೂ ಅವನು ಅಡುಗೆಮನೆಯಲ್ಲಿ ತುಪ್ಪಳದ ಟೋಪಿ ಹಾಕಿಕೊಂಡೇ ಊಟಕ್ಕೆ ಕೂರುತ್ತಾನೆ.

ಇನ್ನೊಂದು ಮಾತು. ಗುನ್ವೋರ್‌ಳ ಮನೆಗೆ ಬೀಗ. ಕರೆಂಟು ಕಿತ್ತಾಗಿದೆ, ಪಂಪನ್ನೂ ಬಿಚ್ಚಿ ಒಯ್ದಿದ್ದಾರೆ. ಫೆಬ್ರವರಿಯಲ್ಲಿ ಊರಿನ ಮನೆ ಮಾಡುಗಳ ಮೇಲೆಲ್ಲ ಎದೆಮಟ್ಟ ಹಿಮ. ಅವಳ ಮಾಡೊಂದೇ ಬೋಳಾಗಿತ್ತು. ಸೂರಿನಿಂದ ನೀರು ತೊಟ್... ತೊಟ್... ನಾನೇ ಹೋಗಿ ಕೈಯೊಡ್ಡಿದೆ.

ನೀರು ಬೆಚ್ಚಗಿತ್ತು.