ತಲೆಕಟ್ಟಿನ ಸುರುಳಿ

ಕೂತ್ಕೋ, ಕೂತ್ಕೋ! ಬಾಗಿಲಲ್ಲೇ ‘ಅಕ್ಕಾ’ ಅಂದ್ಯಲ್ಲ, ಅಷ್ಟು ಸಾಕು. ಅಕ್ಕ ಅಂತೆ ಅಕ್ಕ! ನನ್ನ ಗಂಡ ಬೋರ್ಡು ಬರೆಯೋ ಅಂಗಡೀಲಿ ಬಣ್ಣ ಕಲಸ್ತಿದ್ದೋಳು ನೀನು. ಅವರು ಸತ್ತಾಗ ಈ ಕಡೆ ತಲೆ ಹಾಕ್ಲಿಲ್ಲ, ಈಗೇನು ನೆಂಟಸ್ತನ? ಹಳೇ ಬೋರ್ಡು ಬೇಕಾ? ಒಂದೇ ಒಂದು ಸಾಕಾ? ಅಯ್ಯೋ ಪಾಪ!

ಈ ಸೆಕೇಲಿ ತಲೆಗೆ ಯಾಕೆ ಆ ಬಟ್ಟೆ? ತೆಗಿ… ಬೇಡ್ವಾ? ಸರಿ, ಬೇಯಿ.

ಇಲ್ಲಿ ನೋಡು, ಟೀ ಪೊಟ್ಟಣ. ಇದು ಸೋಪಿನ ಡಬ್ಬಿ. ಎಲ್ಲಾ ಅವರದೇ ಅಕ್ಷರ! ಬದುಕಿದ್ದಾಗ ‘ಹಳೇ ಟಾಕೀಸಿನ ಅಕ್ಷರ’ ಅಂತ ಮೂಗು ಮುರಿದೋರೇ ಈಗ ಕಂಪ್ಯೂಟರಿಗೆ ಹಾಕಿ, ಫಾಂಟು ಫಾಂಟು ಅಂತ ಕುಣೀತಿದ್ದಾರೆ. ಉಬ್ಬಿದ ಹೊಟ್ಟೆ, ಹಿಂದೆ ನೆರಳು, ತಲೆಕಟ್ಟಿನ ತುದೀಲಿ ಇಳಿಬಿದ್ದ ಸುರುಳಿ… ‘ಕ’ ಆಗ್ಲಿ ‘ನ’ ಆಗ್ಲಿ, ತಲೆಕಟ್ಟು ಇದ್ದ ಕಡೆ ಸುರುಳಿ ಇರ್ಲೇಬೇಕು. ಅದು ನನ್ನ ಲೋಲಾಕು, ಗೊತ್ತಾ? ಪೇಪರಿನವರಿಗೂ ಹಾಗೇ ಹೇಳಿದೀನಿ. ಫೋಟೋ ಹಾಕಿದ್ರು, ಲೋಲಾಕು ಸಮೇತ. ಯಾಕೆ ನಗ್ತೀಯ?

ನಗ್ಲಿಲ್ವಾ? ಮತ್ತೆ ಕಿವಿ ಹತ್ತಿರ ಕೈ ಯಾಕೆ ಹೋಯ್ತು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ!

ಬೋರ್ಡು ಇಲ್ಲ. ಒಂದೂ ಇಲ್ಲ. ಎಲ್ಲಕ್ಕೂ ಬಿಳೀ ಬಣ್ಣ ಬಳಿಸಿದೆ, ಪಕ್ಕದಲ್ಲೇ ನಿಂತು ಬಳಿಸಿದೆ. ಫಾಂಟಲ್ಲಾದ್ರೂ ಇದೆ ಅಂದ್ಕೊಂಡ್ಯಾ? ಅದ್ರಲ್ಲೂ ಸುರುಳಿ ತೆಗೆಸಿದೆ! ‘ಮೇಡಂ, ಅದೇ ಚಂದ, ಅದು ಹೋದ್ರೆ ಅಕ್ಷರ ಬೋಳಾಗುತ್ತೆ’ ಅಂತ ಫಾಂಟು ಮಾಡೋ ಹುಡುಗಿ ಗೋಗರೆದಳು. ಬೋಳಾಗ್ಲಿ ಅಂದೆ! ನೋಡು, ಹೊಸ ಪೊಟ್ಟಣ. ಬೋಳು ಬೋಳು! ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ನನಗೆ.

ಏನು ಹಾಗೆ ನೋಡ್ತೀಯ? ಬಾಯಿ ಬಿಡು! ನನ್ನ ಲೋಲಾಕೇ ಆಗಿದ್ರೆ ನಾನೇ ಯಾಕೆ ಕತ್ತರಿಸಿದೆ ಅಂತಾನಾ? ಅದು… ಹಳೇದಾಯ್ತು. ಬೇಜಾರಾಯ್ತು. ನನ್ನ ಲೋಲಾಕು, ನನ್ನಿಷ್ಟ! ನೀನ್ಯಾರೇ ಕೇಳೋಕೆ?

ಏಯ್… ಆ ಬಟ್ಟೆ ಯಾಕೆ ಬಿಚ್ತೀಯ ಈಗ? ಆಗ ಬೇಡ ಅಂದ್ಯಲ್ಲ… ಬಿಡು, ಕಟ್ಕೋ, ಬೇಡ…

ಅಯ್ಯೋ ದೇವರೇ.

ಏನಾಯ್ತೇ ನಿನಗೆ? ಯಾವ ಕಾಯಿಲೆ? ಒಂದು ಕೂದಲೆಳೇನೂ ಉಳಿದಿಲ್ವಲ್ಲೇ! ಕಿವಿ ಪಕ್ಕ ಇಳಿಬಿದ್ದಿರ್ತಿತ್ತಲ್ಲ… ಬೆರಳಿಗೆ ಸುತ್ಕೊಂಡು ಮಾತಾಡ್ತಿದ್ಯಲ್ಲ… ಅವರು ಕುಂಚ ಕೆಳಗಿಟ್ಟು ಅದನ್ನೇ ನೋಡ್ತಾ ನಿಂತಿರೋರು. ಊಟದ ಡಬ್ಬಿ ಹಿಡ್ಕೊಂಡು ನಾನು ಬಾಗಿಲಲ್ಲಿ ನಿಂತಿದ್ರೂ ಅವರಿಗೆ ಕಾಣ್ತಿರ್ಲಿಲ್ಲ… ಎಲ್ಲೇ ಆ ಸುರುಳಿ?

ಬೋರ್ಡು ಬೇಕು ಅಂದಿದ್ದು ಅದಕ್ಕೇನಾ? ನಾನು ಲೋಲಾಕು ಅಂದೆ. ನೀನೇ ಹೇಳೇ… ಲೋಲಾಕು ಅಂತಾನೇ ಅಲ್ವಾ ನಾನು ಅಂದಿದ್ದು?