ರೆಕ್ಕೆ ಮೇಲೆ ಮಲಗಿದವರು ಮಾತಾಡಬಾರದು

…ಕೇಳಿಸ್ತಾ, ಬಡಗಿ ಮೇಷ್ಟ್ರು ಕೆಳಗಿಂದ ಕೂಗಿದ್ದು? "ಫೆಬ್ರವರಿ ಹನ್ನೊಂದು, ಬಿಸಿಲು, ಮೋಡ ಇಲ್ಲ, ಗಾಳಿ ಎದುರಿಗೆ!" ಯಾರಿಗೆ ಹೇಳ್ತಾರೋ! ನೂರು ವರ್ಷದ ಹಿಂದೆ ಇಂಥದ್ದೇ ಎಂಜಿನ್ ಇಲ್ಲದ ಗ್ಲೈಡರ್ ಮೊದಲನೇ ಸಲ ಹಾರಿದಾಗ ಈ ಗುಡ್ಡದ ಮೇಲೆ ಹಾಗೇ ಕೂಗಿದ್ರಂತೆ, ಅದಕ್ಕೆ ಇವರೂ ಕೂಗಬೇಕು. ಅಲ್ಲಾಡಬೇಡ ಸೂಜಿ. ಪಟ್ಟಿ ಬಿಗಿಯಾಯ್ತಾ? ಬಿಗಿಯಾಗಿದ್ರೆ ಹೇಳು, ಸ್ವಲ್ಪ ಸಡಿಲ ಮಾಡ್ತೀನಿ… ಹೇಳೇ!

ಬರೀ ತಲೆ ಅಲ್ಲಾಡಿಸು. ಮಹರಾಯ್ತಿ.

ಗೊತ್ತು, ಗೊತ್ತು. ರೆಕ್ಕೆ ಮೇಲೆ ಮಲಗಿದವರು ಮಾತಾಡೋ ಹಾಗಿಲ್ಲ. ಬಾಯಿಂದ ಒಂದು ಮಾತು ಬಂತೋ, ಬೇಡ ಅಂತ ಅರ್ಥ. ಇಳಿಸಿಬಿಡಬೇಕು, ಯಾಕೆ ಅಂತ ಯಾರೂ ಕೇಳಬಾರದು. ಹೆದರಿದವನಿಗೆ ಸರಿಯಾದ ಮಾತು ಹುಡುಕೋಕೆ ಆಗಲ್ಲ, ಅದಕ್ಕೆ ಯಾವ ಮಾತಾದ್ರೂ ನಡೆಯುತ್ತೆ ಅಂತ ಹಿಂದಿನವರು ಮಾಡಿಟ್ಟಿದಾರೆ. ಒಳ್ಳೇ ಪದ್ಧತಿ ಕಣೇ. "ಅಮ್ಮಾ" ಅಂದ್ರೂ ಸಾಕು. ಕೆಮ್ಮಿದ್ರೆ ಲೆಕ್ಕಕ್ಕಿಲ್ಲವಂತೆ, ಕೇಳಿದೀನಿ… ಯಾಕೆ ಹಾಗೆ ನೋಡ್ತೀಯ? ಸುಮ್ನೆ ಕೇಳಿದ್ದಪ್ಪ!

ಅಮ್ಮ ಕಾಣಿಸ್ತಾಳಾ? ಕೆಳಗೆ, ಆ ಮ್ಯೂಸಿಯಂ ಶೆಡ್ಡಿನ ಹತ್ತಿರ. ಈ ಗಾಳೀಲಿ ಕೊಡೆ ಬಿಚ್ಚಿಕೊಂಡು ನಿಂತಿದಾಳೆ. ಯಾರಾದ್ರೂ ಮುಚ್ಚಿಸದೆ ಹೋದ್ರೆ ನಿನಗಿಂತ ಮುಂಚೆ ಅವಳು ಹಾರ್ತಾಳೆ! …ನಗ್ತೀಯಾ? ನಗು, ನಗು. ಬಾಯಿಬಿಟ್ಟು ನಗು. ತುಟಿ ಕಚ್ಕೊಂಡು ನಗೋದು ಯಾವ ಸೀಮೆ ನಗು?

ಬೆಳಿಗ್ಗೆ ಶೆಡ್ಡಲ್ಲಿ ಗಾಜಿನ ಪೆಟ್ಟಿಗೇಲಿ ಒಂಟಿ ಷೂ ನೋಡಿದ್ಯಲ್ಲ. ಮೊದಲು ಹಾರಿದ ಆ ಗಡಿಯಾರ ರಿಪೇರಿಯವನದ್ದು. ಜನ ಎಲ್ಲ ಚಪ್ಪಾಳೆ ತಟ್ತಿದ್ರೆ, ಆಸಾಮಿ ಹುಲ್ಲಲ್ಲಿ ಇನ್ನೊಂದು ಷೂ ಹುಡುಕ್ತಿದ್ನಂತೆ. ಅದನ್ನ ಬೋರ್ಡಲ್ಲಿ ದೊಡ್ಡದಾಗಿ ಬರೆದಿದಾರೆ. ಎರಡನೇ ಸಲ ಹಾರಿದ್ದು ಬರೆದಿಲ್ಲ. ಯಾಕೆ ಹೇಳು ನೋಡೋಣ?

…ಸರಿ, ನಾನೇ ಹೇಳ್ತೀನಿ. ಮೇಷ್ಟ್ರು ಹೇಳಿದ್ದು. ಒಂದು ಕಡೆ ರೆಕ್ಕೆ ಸ್ವಲ್ಪ ತಗ್ಗಿತಂತೆ. ಸ್ವಲ್ಪ, ಒಂದು ಮೊಳ. ಅಷ್ಟಕ್ಕೇ ಮಗುಚಿ ನೆಲಕ್ಕೆ ಬಡಿದನಂತೆ. ಆಮೇಲೆ ಅವನು ಒಂದು ಗಡಿಯಾರಾನೂ ಬಿಚ್ಚಲಿಲ್ಲ. ಬೆರಳು ಮಡಿಚೋಕೇ ಬರ್ತಿರಲಿಲ್ಲ… ಕಣ್ಣು ಮುಚ್ಕೊಂಡ್ಯಾ? ಹೆದರಿಕೆ ಆಯ್ತಾ? ಆಯ್ತು ಅನ್ನು! ಯಾರೇನಂತಾರೆ? ಈಗ ಇಳಿದ್ರೆ ಊಟದ ಹೊತ್ತಿಗೆ ಮನೇಲಿರ್ತೀವಿ.

ಇಲ್ಲ… ಅಂದ್ರೆ, ನನಗೇನು ಆತುರ ಇಲ್ಲ. ಈ ಹಾಳು ಭುಜ ಒಂದು ಕೈಕೊಡದೆ ಇದ್ದಿದ್ರೆ ಅಲ್ಲಿ ನಾನೇ ಮಲಗಿರ್ತಿದ್ದೆ. ಎರಡು ವರ್ಷ ಈ ರೆಕ್ಕೆಗೆ ಕಡ್ಡಿ ಬಗ್ಗಿಸಿದವನು ನಾನು, ಹಾರೋ ಸರದಿ ನನ್ನದು. ಹೋದ ವಾರ ಏಣಿಯಿಂದ ಜಾರಿಬೀಳಬೇಕಿತ್ತಾ! ಬಲಗೈ ಎತ್ತಿದ್ರೆ ಪ್ರಾಣ ಹೋಗುತ್ತೆ. ಎಡಗೈ ಇದೆಯಲ್ಲ ಅಂತ ರೆಕ್ಕೆ ತುದಿ ಹಿಡಿಯೋಕೆ ಹಾಕಿದಾರೆ. "ಅಣ್ಣನ ಬದಲು ನಾನು" ಅಂತ ನೀನಾಗೇ ತಾನೇ ಮುಂದೆ ಬಂದಿದ್ದು? ನಾನು ಹೇಳಿದ್ನಾ? ಹೇಳಲಿಲ್ಲಪ್ಪ. ಅದೊಂದು ನೆನಪಿರಲಿ.

ಹಳದಿ ಬಾವುಟ! ಎತ್ತು ಅಂತಿದಾರೆ. ಆ ತುದೀಲಿ ನಿನ್ನ ಗಂಡ ಎತ್ತಿಬಿಟ್ರು ನೋಡು… ಭಾವ, ನಿಧಾನ! ಅಯ್ಯೋ, ಈ ಕಡೆ ಗಾಳಿ ಒತ್ತುತ್ತಿದೆ, ತಗ್ಗುತ್ತಿದೆ… ತಡಿ, ತಡಿ, ತಡಿ… ಹಿಡಿದೆ! ಹೆದರಬೇಡ. ನೋಡು, ನನ್ನ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದೀನಿ. ಸಮ ಬಂತು. ಎರಡೂ ಕೈಲಿ ಹಿಡಿದಿದೀನಿ ಕಣೇ, ಏನೂ ಆಗಲ್ಲ…

ಏನು?

ಮುಂದೆ ನೋಡು. ಬಾವುಟದ ಕಡೆ ನೋಡು. ಯಾಕೆ ತಿರುಗಿ ನೋಡ್ತಿದ್ದೀಯ? ಬೇಕಾದ್ರೆ ನನ್ನ ಮುಖ ನೋಡು. ಕೈ ಏನು ನೋಡ್ತೀಯ, ಕೈ…

ಹೂಂ. ಬಲಗೈ.

ಬೈ. ಬೈದುಬಿಡೇ.

ಏಣಿಯಿಂದ ಜಾರಲಿಲ್ಲ ಕಣೇ. ಏಣಿ ಹತ್ತಲೇ ಇಲ್ಲ. ಹೋದ ವಾರ ಜಾಗ ನೋಡೋಕೆ ಬಂದ್ವಲ್ಲ, ಆ ಸ್ಮಾರಕದ ಕಲ್ಲಿನ ಪಕ್ಕ ನಿಂತು ಕೆಳಗೆ ನೋಡಿದೆ… ಅಷ್ಟೇ. ಕಲ್ಲು ತಬ್ಕೊಂಡು ಕೂತುಬಿಟ್ಟೆ. ಭುಜ ಹೋಯ್ತು ಅಂದ್ರೆ ಹಾರೋದೇ ನಿಂತುಹೋಗುತ್ತೆ ಅಂದ್ಕೊಂಡಿದ್ದೆ. ನಿನ್ನಾಣೆ ಅಷ್ಟೇ ಅಂದ್ಕೊಂಡಿದ್ದು! ನೀನು ಚಪ್ಪಲಿ ಬಿಟ್ಟು ಮುಂದೆ ಬಂದುಬಿಟ್ಟೆ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಈ ಪಟ್ಟಿ ನನ್ನ ಕೈಯಾರೆ ಬಿಗಿದೆ. ನನ್ನ ಹೆದರಿಕೇನ ಅಲ್ಲಿ ಮಲಗಿಸಿ, ನಿನ್ನ ಮೈಗೆ ಕಟ್ಟಿದೆ.

ಸೂಜಿ, ಈಗ ನಾನೊಬ್ಬನೇ ಇಳಿಸೋ ಹಾಗಿಲ್ಲ. ಈ ತುದಿ ತಗ್ಗಿಸಿದ್ರೆ ಗಾಳಿ ಮಗುಚಿಹಾಕುತ್ತೆ. ನೀನು ಹೇಳಿದ್ರೇನೇ ಇಬ್ಬರೂ ಒಟ್ಟಿಗೆ ಇಳಿಸೋದು. ಒಂದು ಮಾತು. "ಪುಕ್ಕಲ" ಅನ್ನು. ಭಾವನಿಗೂ ಮೇಷ್ಟ್ರಿಗೂ ಅಮ್ಮನಿಗೂ ಕೇಳಿಸೋ ಹಾಗೆ ಕೂಗಿ ಅನ್ನು. ನಾನು ಹೂಂ ಅಂತೀನಿ. ಎಲ್ಲರ ಮುಂದೆ ಹೂಂ ಅಂತೀನಿ ಕಣೇ…

ಬಾಯಿ ತೆರೆದ್ಯಲ್ಲ! ಹೇಳು! ಯಾಕೆ ಮುಚ್ಕೊಂಡೆ?

ನನ್ನ ಮಾನ ಉಳಿಸೋಕಾ? ಬೇಡ, ಅದಕ್ಕೋಸ್ಕರ ಬೇಡ… ಅಲ್ವಾ? ತಲೆ ಅಲ್ಲಾಡಿಸ್ತೀಯ. ಮತ್ತೆ ಯಾಕೆ?

…ಓ.

ನನ್ನ ಬದಲಿಗೆ ಮಲಗಿದ್ದಲ್ಲ ನೀನು.

ಎರಡು ವರ್ಷ ಕೂತು ಈ ರೆಕ್ಕೆ ಬಟ್ಟೆ ಹೊಲಿದವಳು. ನಿನಗೂ ಹಾರಬೇಕಾ ಅಂತ ಒಬ್ಬರೂ ಕೇಳಲಿಲ್ಲ. ಮನೇಲಿ ಎದುರಿಗೆ ಕೂತು ಉಣ್ಣೋ ನಾನೂ ಕೇಳಲಿಲ್ಲ. ಯಾಕೆ ನಗ್ತಿದ್ದೀಯ? ನನ್ನ ಎದೆ ಬಡ್ಕೊಳ್ಳೋದು ರೆಕ್ಕೆಗೂ ಗೊತ್ತಾಗ್ತಿದೆ, ನೀನು ನಗ್ತಿದ್ದೀಯಲ್ಲೇ!

ಬಿಳಿ ಬಾವುಟ… ಓಡಬೇಕು. ಓಡ್ತಿದೀನಿ. ಸಮ ಹಿಡಿದಿದೀನಿ. ಇನ್ನೂ ಹೊತ್ತಿದೆ ಸೂಜಿ, ಈಗಲೂ ಹೇಳಬಹುದು. ಓಡ್ತಿದೀನಿ… ಭಾರ ಎಲ್ಲಿ ಹೋಯ್ತೇ? ಭಾರವೇ ಇಲ್ಲ… ನಾನು ಬಿಡಲ್ಲ, ನೀನು ಹೇಳೋವರೆಗೂ ಬಿಡ—

ಸೂಜೀ!

ನಾನು ಬಿಡಲಿಲ್ಲ ಕಣೇ, ಅದೇ ಕಿತ್ಕೊಂಡು ಹೋಯ್ತು!

…ಸೂಜೀ, ಇನ್ನು ಮಾತಾಡಬಹುದು! ಮಾತಾಡೇ!