ಹತ್ತಿಯ ಮೇಲೆ ಹೊರಿಸಬೇಡಿ

ಇಲ್ಲ ಅಂದ್ರೆ ಇಲ್ಲ! ಇನ್ನೆಷ್ಟು ಸಲ ಹೇಳ್ಬೇಕು ಅತ್ತಿಗೆ? ಮೊದಲು ಆ ಬ್ಯಾಗ್ ಕೆಳಗಿಡಿ. ಗುಬ್ಬಿ ನಿಮ್ಮ ಮನೆಗೆ ಬರಲ್ಲ. ಏನು... ನಿಮ್ಮ ತಮ್ಮ ಫೋನಲ್ಲಿ ಹೂಂ ಅಂದ್ರಾ? ಲಾರಿ ಓಡಿಸೋವಾಗ ಅವರು ಎಲ್ಲದಕ್ಕೂ ಹೂಂ ಅಂತಾರೆ. ಹೆಂಡ್ತೀನ ಮಾರ್ಲಾ ಅಂತ ಕೇಳಿ, ಅದಕ್ಕೂ ಹೂಂ ಅಂತಾರೆ. ಯಾಕೆ ನಗ್ತೀರಾ? ನಗಿ, ನಗಿ. ಸ್ವಲ್ಪ ಮೆಲ್ಲಗೆ ಅಷ್ಟೇ, ಮಗು ಈಗ ತಾನೇ ನಿದ್ದೆ ಹೋಗಿದೆ.

ಗುಬ್ಬಿ ತುಟಿ ನೋಡಿದ್ರಲ್ಲ? ಊತ ಇಳಿದಿದೆ. ಮೊನ್ನೆ ನೋಡ್ಬೇಕಿತ್ತು... ಪಕ್ಕದ ಮನೆಯವಳು ಪ್ರೀತಿಯಿಂದ ಅರ್ಧ ಬಿಸ್ಕತ್ತು ಕೊಟ್ಟಿದ್ದಾಳೆ, ಅದರಲ್ಲಿ ಕಡಲೆಬೀಜ. ನೋಡ್ತಾ ನೋಡ್ತಾ ಮುಖ ಎಲ್ಲ ದದ್ದು, ಉಸಿರು ಕುಂಯ್ ಕುಂಯ್ ಅಂತ... ಅಯ್ಯೋ, ಜೀವ ಬಾಯಿಗೆ ಬಂತು ನನಗೆ. ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದೆ. ಸುದ್ದಿ ಕೇಳಿ ನೀವು ಬಂದ್ರಿ. ಬಂದಿದ್ದು ಸಂತೋಷ, ಊಟ ಮಾಡಿ, ಎರಡು ದಿನ ಇರಿ. ಮಗೂನ ಕರ್ಕೊಂಡು ಹೋಗ್ತೀನಿ ಅನ್ನೋ ಮಾತು ಮಾತ್ರ ಬೇಡ.

ಏನಂದ್ರಿ? ಬಾಟ್ಲಿ ಹಾಲಿಂದಲೇ ಅಲರ್ಜಿ ಅಂತಾನಾ? ಬಂತಲ್ಲ ಆ ಮಾತು! ಇನ್ನೂ ಯಾಕೆ ಬರ್ಲಿಲ್ಲ ಅಂತ ಕಾಯ್ತಾನೇ ಇದ್ದೆ. ಎದೆಹಾಲು ಸಾಲ್ಲಿಲ್ಲ ಅತ್ತಿಗೆ. ಅದು ಚೀಪಿ ಚೀಪಿ, ಅತ್ತು ಅತ್ತು ಸುಸ್ತಾಗೋದು. ಅದರ ಜೊತೆ ನಾನೂ ಅಳ್ತಿದ್ದೆ. ಡಬ್ಬಿ ಹಾಲು ಕಲಸಿ ಕೊಟ್ಟೆ, ಹೊಟ್ಟೆ ತುಂಬಿ ಮಲಗ್ತು. ಹಸಿದ ಕೂಸಿಗೆ ಹಾಲು ಕೊಟ್ಟೆ, ವಿಷ ಕೊಟ್ನಾ? ನಿಮ್ಮ ಮಗ ನಡೆದಾಡೋವರೆಗೂ ಎದೆಹಾಲೇ ಕುಡಿದ. ಬೆಕ್ಕು ಆ ಬೀದಿಯಲ್ಲಿ ಹೋದ್ರೆ ಈ ಬೀದಿಯಲ್ಲಿ ಅವನ ಮೂಗು ಸೋರುತ್ತಲ್ಲ, ಅದು ಯಾಕೆ? ಹೇಳಿ ಮತ್ತೆ! ...ಹಾಂ, ಈಗ ಕನ್ನಡಕ ಒರೆಸ್ಕೊಳ್ಳಿ.

ಡಾಕ್ಟರಮ್ಮನ್ನೇ ಕೇಳಿದೆ ನಾನು, ಬಿಡ್ಲಿಲ್ಲ. ಎದೆಹಾಲು ಒಳ್ಳೇದೇ, ಆದ್ರೆ ಅದು ಕುಡಿದ ಮಕ್ಕಳಿಗೆ ಅಲರ್ಜಿ ಬರೋದೇ ಇಲ್ಲ ಅಂತ ಯಾರೂ ಬರ್ಕೊಡೋಕೆ ಆಗಲ್ಲ ಅಂದ್ರು. ಕೂಸಾಗಿದ್ದಾಗ ಇವಳ ಕೆನ್ನೆ, ಮೊಣಕೈ ಎಲ್ಲ ಕೆಂಪಗೆ ಒರಟಾಗ್ತಿತ್ತಲ್ಲ, ಅಂಥ ಚರ್ಮದ ಮಕ್ಕಳಿಗೆ ಇದು ಜಾಸ್ತಿಯಂತೆ. ಆಮೇಲೆ ಅವರೇ ಕೇಳಿದ್ರು, ಕಡಲೆಬೀಜ ಯಾವಾಗ ಶುರು ಮಾಡಿದ್ರಿ ಅಂತ. ಕೊಟ್ಟೇ ಇಲ್ಲ ಅಂದೆ. ದೊಡ್ಡವಳಾಗೋವರೆಗೆ ನಾಲಿಗೆಗೂ ತಾಗಿಸಬೇಡ ಅಂತ ಮನೆಯಲ್ಲಿ ಹಿರಿಯರು ಹೇಳಿದ್ರು ಅಂದೆ. ಯಾವ ಹಿರಿಯರು ಅಂತ ಹೇಳ್ಲಿಲ್ಲ ಬಿಡಿ! ಈಗ ಉಲ್ಟಾ ಹೇಳ್ತಾರಂತೆ... ಮೆತ್ತಗಿನ ಊಟ ಶುರುವಾದ ಮೇಲೆ, ಡಾಕ್ಟರನ್ನ ಕೇಳ್ಕೊಂಡು, ನುಣ್ಣಗೆ ಅರೆದು ಚೂರು ಚೂರೇ ಕೊಟ್ರೆ ಎಷ್ಟೋ ಮಕ್ಕಳ ಮೈಗೆ ಒಗ್ಗಿಹೋಗುತ್ತಂತೆ.

ಯಾಕೆ, ಮುಖ ಸಪ್ಪಗಾಯ್ತು? ನಿಮ್ಮನ್ನ ಬೈತಿಲ್ಲ. ಆಗ ಎಲ್ರೂ ಹಾಗೇ ಹೇಳ್ತಿದ್ರು, ನೀವೂ ಹೇಳಿದ್ರಿ. ಪ್ರೀತಿಗೇ ಹೇಳಿದ್ರಿ, ನನಗೆ ಗೊತ್ತಿಲ್ವಾ? ನಾನೂ ಬಾಯಿ ಮುಚ್ಕೊಂಡು ಕೇಳಿದೆ. ಇನ್ಮೇಲೆ ಕೇಳಲ್ಲ, ಅಷ್ಟೇ.

ಓ... ಹಾಲು ಹೋಯ್ತು, ಈಗ ಹತ್ತಿ! ಇವಳ ಕೆಮ್ಮಿಗೂ ಚರ್ಮಕ್ಕೂ ಹತ್ತಿ ಧೂಳು, ಹತ್ತಿ ಧೂಳು! ಹಾಸಿಗೆ ಹೊಲಿಯೋಳ ಮನೇಲಿ ಹತ್ತಿ ಇರದೆ ಮಲ್ಲಿಗೆ ಇರುತ್ತಾ? ಹೌದು, ಊರವರ ಹಳೇ ಹಾಸಿಗೆ ಬಿಚ್ಚಿದೆ. ಹೌದು, ಮಷೀನಿಗೆ ಹಾಕಿ ಹಿಂಜಿದೆ. ಹಿಂಜಿದ ಹತ್ತಿ ಗುಡ್ಡೆ ಮೇಲೇ ಇವಳನ್ನ ಮಲಗಿಸಿ ಕೆಲಸ ಮಾಡಿದೆ. ಮತ್ತೆಲ್ಲಿ ಮಲಗಿಸ್ಲಿ, ನಿಮ್ಮ ತಮ್ಮನ ಲಾರಿ ಮೇಲಾ? ನೀವು ದಿನಾ ಬೆನ್ನು ನೆಟ್ಟಗೆ ಮಾಡ್ಕೊಳ್ಳೋ ಹಾಸಿಗೆ ಯಾರ ಕೈದು ಅತ್ತಿಗೆ? ಅದರಲ್ಲಿ ಮಲಗೋವಾಗ ಹತ್ತಿ ಕೆಟ್ಟದ್ದು ಅನ್ನಿಸ್ಲಿಲ್ವಾ? ಈ ಕೆಲಸ ಬಿಡಲ್ಲ ನಾನು. ಯಾರು ಏನೇ ಅನ್ಲಿ... ಬಿಡಲ್ಲ.

ಏನು, ನನ್ನ ತಲೆ ಕಡೆ ಹಾಗೆ ನೋಡ್ತೀರಿ? ಹತ್ತಿ ಎಳೆ ಇಲ್ಲ ಅಂತಾನಾ? ಈಗ ತಾನೇ ಸ್ನಾನ ಆಯ್ತು. ಮಷೀನ್ ಸದ್ದಾ... ಇವತ್ತು ಕರೆಂಟ್ ಇಲ್ಲ. ಫ್ಯಾನಾ? ಫ್ಯಾನ್ ತಿರುಗ್ತಿದೆ, ಅದು... ಅದು ಬೇರೆ ಲೈನು. ಇದೇನು ಪೊಲೀಸ್ ಥರ! ಎಲ್ಲಿಗೆ ಎದ್ರಿ? ಅತ್ತಿಗೆ, ಆ ಮಷೀನ್ ರೂಮಿಗೆ ಬೇಡ. ಧೂಳು, ನಿಮಗೆ ಸೀನು ಬರುತ್ತೆ. ಬಾಗಿಲು ಬಿಗಿ, ತೆಗೆಯೋಕೆ ಆಗಲ್ಲ... ಅತ್ತಿಗೆ, ಮಾತು ಕೇಳಿ...

...

ಆಯ್ತಾ? ನೋಡಿದ್ರಾ?

ಮೂಲೆ ಮೂಲೆ ಏನು ಹುಡುಕ್ತೀರಾ? ಹೌದು, ಖಾಲಿ. ಮಷೀನ್ ಮಾರಿಬಿಟ್ಟೆ. ಮಳೆಗಾಲಕ್ಕೆ ಮುಂಚೆನೇ. ನೆಲ ತಿಕ್ಕಿದೆ, ಗೋಡೆಗೆ ಬಣ್ಣ ಬಳಿದೆ, ಕಿಟಕಿ ಸಂದಿಯಲ್ಲಿದ್ದ ಎಳೆಗಳನ್ನೂ ಸೂಜೀಲಿ ಕಿತ್ತೆ. ಈಗ ಲಾಂಡ್ರಿಯಲ್ಲಿ ಇಸ್ತ್ರಿ ಹಾಕ್ತೀನಿ. ನಿಮಗೆ ಯಾಕೆ ಹೇಳ್ಬೇಕಿತ್ತು? ಹೇಳಿದ್ರೆ ತಪ್ಪು ಒಪ್ಕೊಂಡ್ಳು ಅಂತ ಊರೆಲ್ಲ ಹೇಳ್ಕೊಂಡು ಬರ್ತಿದ್ರಿ. ನಾನು ಒಪ್ಕೊಂಡಿಲ್ಲ! ಈಗಲೂ ಒಪ್ಕೊಂಡಿಲ್ಲ!

ಕೆಮ್ಮು ನಿಲ್ಲುತ್ತೇನೋ ಅಂತ ಮಾಡಿದೆ ಅತ್ತಿಗೆ. ನಿಲ್ಲಲಿಲ್ಲ. ಚರ್ಮ ಹಾಗೇ ಇದೆ. ಮೊನ್ನೆ ಆಸ್ಪತ್ರೆ ಬಾಗಿಲಲ್ಲಿ ನಿಂತು ಏನು ಅನ್ಕೊಂಡೆ ಗೊತ್ತಾ? ಹತ್ತೀದೇ ತಪ್ಪಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ. ನಂದೇ ತಪ್ಪಾಗಿದ್ರೂ ಸರಿ. ಬಿಟ್ಟುಬಿಟ್ರೆ ವಾಸಿಯಾಗ್ತಿತ್ತಲ್ಲ! ಬಾಟ್ಲಿ ಅಂದ್ರಿ, ಬಿಡಿಸಿದೆ. ಹತ್ತಿ ಅಂದ್ರಿ, ಅದನ್ನೂ ಬಿಟ್ಟೆ. ಇನ್ನು ಬಿಡೋಕೆ ನನ್ನ ಹತ್ರ ಉಳಿದಿರೋದು ಇವಳೊಬ್ಬಳೇ.

ಇವಳನ್ನ ಬಿಡಲ್ಲ.